ಐರ್ಲೆಂಡಿನ ಮನೆಗಳಲ್ಲಿ ಟಿವಿ ಪಾಠ

2020ರ ಮಾರ್ಚ್ 12ರ ಸಂಜೆ ಆರು ಗಂಟೆಗೆ ಐರ್ಲೆಂಡಿನ ಶಾಲೆಗಳೆಲ್ಲ ಬಾಗಿಲು ಮುಚ್ಚಿದವು. ಪ್ರಧಾನಿ ಲಿಯೊ ವರಾಡ್ಕರ್ ಅಂದು ವಾಷಿಂಗ್ಟನ್ನಿನಲ್ಲಿದ್ದು, ಕೋವಿಡ್ ಕಾರಣದ ಈ ನಿರ್ಧಾರವನ್ನು ಅಲ್ಲಿಂದಲೇ ಪ್ರಕಟಿಸಿದರು. ಹದಿನೆಂಟು ದಿನ ಕಳೆದು, ಮಾರ್ಚ್ 30ರ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ, ದೇಶದ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಆರ್‌ಟಿಇ ತನ್ನ ಎರಡನೆಯ ವಾಹಿನಿಯಲ್ಲಿ ‘ಹೋಮ್ ಸ್ಕೂಲ್ ಹಬ್’ ಎಂಬ ಕಾರ್ಯಕ್ರಮ ಆರಂಭಿಸಿತು. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದು ಗಂಟೆ. ಒಂದನೇ ತರಗತಿಯಿಂದ ಆರನೇ ತರಗತಿವರೆಗಿನ ಮಕ್ಕಳು ಅದರ ವಿದ್ಯಾರ್ಥಿಗಳು. ಬ್ರಿಟನ್ನಿನ ಬಿಬಿಸಿ ಇಂಥದೇ ದೈನಂದಿನ ಪಾಠಗಳನ್ನು ಶುರುಮಾಡಿದ್ದು ಏಪ್ರಿಲ್ 20ಕ್ಕೆ. ದೊಡ್ಡ ನೆರೆಯವರಿಗಿಂತ ಮೂರು ವಾರ ಮೊದಲೇ ಐವತ್ತು ಲಕ್ಷ ಜನರ ಪುಟ್ಟ ದೇಶವೊಂದು ತನ್ನ ಮಕ್ಕಳ ಮುಂದೆ ಮೇಷ್ಟರನ್ನು ತಂದು ನಿಲ್ಲಿಸಿತ್ತು.

ಮೇಷ್ಟರು ಅನ್ನುವುದು ಇಲ್ಲಿ ಅಕ್ಷರಶಃ ನಿಜ. ಜಾನ್ ಶಾರ್ಪ್‌ಸನ್, ಕ್ಲೀಯೊನಾ ನೀ ಖಿಸಾನ್, ರೇ ಕಡಿಹಿ ಈ ಮೂವರೂ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುವವರು. ಕ್ಲೀಯೊನಾ ಅವರು ಅದಕ್ಕೂ ಮೊದಲು ‘ಆಫ್ರಿಕ್’ ಎಂಬ ಐರಿಷ್ ಭಾಷೆಯ ಮಕ್ಕಳ ಧಾರಾವಾಹಿಯಲ್ಲಿ ಮುಖ್ಯ ಪಾತ್ರ ಮಾಡಿದ್ದರಿಂದ ಅವರಿಗೆ ಕ್ಯಾಮೆರಾ ಹೊಸದಾಗಿರಲಿಲ್ಲ. ಐರಿಷ್ ಶಾಲೆಗಳಲ್ಲಿ ಶಿಕ್ಷಕರನ್ನು ಕರೆಯುವ ಹಾಗೆಯೇ ಪರದೆಯ ಮೇಲೂ ಅವರು ‘ಮೂಂಟ್ಯೋರ್ ಜಾನ್’, ‘ಮೂಂಟ್ಯೋರ್ ಕ್ಲೀಯೊನಾ’, ‘ಮೂಂಟ್ಯೋರ್ ರೇ’ ಎಂದೇ ಕರೆಸಿಕೊಂಡರು. ಜಾನ್ ಮೇಷ್ಟ್ರು, ಕ್ಲೀಯೊನಾ ಟೀಚರ್ ಅಂದ ಹಾಗೆ. ನೋಡುವ ಮಗುವಿಗೆ ಇವರು ನಟರಾಗಿಯೋ ನಿರೂಪಕರಾಗಿಯೋ ಕಾಣದೆ, ಶಾಲೆಯಿಂದ ಮನೆಗೆ ಬಂದವರಂತೆ ಕಂಡರು. ಕಾರ್ಯಕ್ರಮದ ಯಶಸ್ಸಿನ ಬಹುಪಾಲು ಈ ಒಂದು ಆಯ್ಕೆಯಲ್ಲಿತ್ತು.

ಆನ್‌ಲೈನ್ ತರಗತಿಗಳ ಕಾಲದಲ್ಲಿ ಟಿವಿಯೇ ಯಾಕೆ ಎಂಬ ಪ್ರಶ್ನೆ ಸಹಜ. ಐರ್ಲೆಂಡಿನ ಹಳ್ಳಿಗಾಡಿಗೆ ವೇಗದ ಇಂಟರ್ನೆಟ್ ಇನ್ನೂ ಪೂರ್ತಿ ತಲುಪಿರಲಿಲ್ಲ. ಖಾಸಗಿ ಕಂಪನಿಗಳು ಹೋಗದ ಐದು ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿ, ತೋಟಗಳಿಗೆ ಫೈಬರ್ ಎಳೆಯುವ ರಾಷ್ಟ್ರೀಯ ಯೋಜನೆಗೆ ಸರ್ಕಾರ ಸಹಿ ಹಾಕಿದ್ದೇ 2019ರ ನವೆಂಬರಿನಲ್ಲಿ. ಲ್ಯಾಪ್‌ಟಾಪ್ ಇದ್ದ ಮನೆಯಲ್ಲೂ ಅದು ಅಪ್ಪನದೋ ಅಮ್ಮನದೋ ಆಫೀಸಿನ ಕೆಲಸಕ್ಕೆ ಬೇಕಿತ್ತು. ಟಿವಿ ಮಾತ್ರ ಹೆಚ್ಚುಕಡಿಮೆ ಎಲ್ಲ ಮನೆಯಲ್ಲೂ ಇತ್ತು. ‘ಸೋರ್‌ವ್ಯೂ’ ಎಂಬ ಉಚಿತ ಡಿಜಿಟಲ್ ಜಾಲದಲ್ಲಿ, ಮನೆಗೊಂದು ಆಂಟೆನಾ ಇದ್ದರೆ ಆರ್‌ಟಿಇಯ ಎರಡೂ ವಾಹಿನಿಗಳು, ಐರಿಷ್ ಭಾಷೆಯ ಟಿಜಿ4 ಬರುತ್ತವೆ. ವರ್ಷಕ್ಕೆ 160 ಯೂರೊ ಟಿವಿ ಲೈಸೆನ್ಸ್ ಶುಲ್ಕ ಕಟ್ಟಿದರಾಯಿತು, ತಿಂಗಳ ಚಂದಾ ಇಲ್ಲ.

ಕಾರ್ಯಕ್ರಮದ ರಚನೆಯೂ ಗಮನಿಸಬೇಕಾದ್ದು. ಒಂದು ಗಂಟೆಯೊಳಗೆ ಕಿರಿಯರಿಗೆ, ನಡುವಿನವರಿಗೆ, ಹಿರಿಯರಿಗೆ ತಕ್ಕ ಚಿಕ್ಕಚಿಕ್ಕ ಪಾಠಗಳು: ಇಂಗ್ಲಿಷ್, ಐರಿಷ್, ಲೆಕ್ಕ, ವಿಜ್ಞಾನ, ಚರಿತ್ರೆ, ಚಿತ್ರಕಲೆ, ವ್ಯಾಯಾಮ. ಪಾಠ ಮುಗಿದ ಮೇಲೆ ಮಾಡಬೇಕಾದ ಕೆಲಸವೊಂದು. ಅದರ ಹಾಳೆಗಳು ಸಂಸ್ಥೆಯ ವೆಬ್‌ಸೈಟಿನಲ್ಲಿ. ಅಂದರೆ ನೋಡುವುದು ಒಂದು ಗಂಟೆ, ಮಾಡುವುದು ಅದಕ್ಕಿಂತ ಹೆಚ್ಚು ಹೊತ್ತು. ಪೆನ್ಸಿಲ್ಲು, ಕತ್ತರಿ, ರಟ್ಟು, ಅಡುಗೆಮನೆಯ ಅಳತೆ ಲೋಟ ಇಂಥವನ್ನು ಹತ್ತಿರ ಇಟ್ಟುಕೊಂಡೇ ಮಕ್ಕಳು ಕೂತರು. ಆ ವರ್ಷದ ಬೇಸಿಗೆ ರಜೆಯವರೆಗೆ ಶಾಲೆ ತೆರೆಯಲೇ ಇಲ್ಲ. ಶಾಲೆಗಳು ತೆರೆದ ಮೇಲೆ ಶರತ್ಕಾಲದಲ್ಲಿ ಇದೇ ತಂಡ ‘ಆಫ್ಟರ್ ಸ್ಕೂಲ್ ಹಬ್’ ಎಂಬ ಸಂಜೆಯ ಕಾರ್ಯಕ್ರಮ ಮಾಡಿತು. ಆಗ ಎಮರ್ ಓನೀಲ್ ಎಂಬ ವ್ಯಾಯಾಮ ಶಿಕ್ಷಕಿ ಸೇರಿಕೊಂಡರು. ಕಪ್ಪು ವರ್ಣದ ಐರಿಷ್ ಟೀಚರೊಬ್ಬರು ದಿನವೂ ಮನೆಯೊಳಗೆ ಕಾಣಿಸಿದ್ದು ವಲಸೆ ಬಂದ ಕುಟುಂಬಗಳ ಮಕ್ಕಳ ಮಟ್ಟಿಗೆ ಸಣ್ಣ ಸಂಗತಿಯಲ್ಲ. 2021ರ ಜನವರಿಯಲ್ಲಿ ಶಾಲೆಗಳು ಮತ್ತೆ ಮುಚ್ಚಿದಾಗ ‘ಹೋಮ್ ಸ್ಕೂಲ್ ಹಬ್’ ಮರಳಿ ಬಂತು. ಮಾರ್ಚ್ ಒಂದರಿಂದ ಚಿಕ್ಕ ತರಗತಿಗಳು, ಹದಿನೈದರಿಂದ ದೊಡ್ಡ ತರಗತಿಗಳು ತೆರೆಯುವವರೆಗೂ ಅದರ ಕೆಲಸ ಮುಗಿಯಲಿಲ್ಲ.

ಹದಿನೆಂಟು ದಿನದಲ್ಲಿ ಇದು ಕೈಗೂಡಲು ಹಳೆಯ ಅನುಭವದ ಬಲವೂ ಇತ್ತು. ಐರ್ಲೆಂಡಿನಲ್ಲಿ ಟಿವಿ ಪ್ರಸಾರ ಶುರುವಾಗಿದ್ದು 1961ರ ಡಿಸೆಂಬರ್ 31ರ ರಾತ್ರಿ. ಮೂರು ವರ್ಷ ತುಂಬುವ ಮೊದಲೇ, 1964ರಲ್ಲಿ, ‘ಟೆಲೆಫೀಶ್ ಸ್ಕೊಲ’ ಎಂಬ ಶಾಲಾ ಪ್ರಸಾರ ಬಂತು. ಅದರ ಗುರಿ ಪ್ರೌಢಶಾಲೆಯ ಮಕ್ಕಳು, ಮೊದಲು ಕೈಗೆತ್ತಿಕೊಂಡ ವಿಷಯ ಭೌತಶಾಸ್ತ್ರ. ಪ್ರಯೋಗಾಲಯವೇ ಇಲ್ಲದ ಶಾಲೆಗಳಿದ್ದ ಕಾಲದಲ್ಲಿ ಟಿವಿಯಲ್ಲಿ ಒಂದು ಪ್ರಯೋಗವನ್ನು ಕಣ್ಣಾರೆ ನೋಡುವುದೇ ದೊಡ್ಡ ಲಾಭ. 1966ರಲ್ಲಿ ಶಿಕ್ಷಣ ಸಚಿವ ಡೊನೊ ಓಮಾಲಿ ಪ್ರೌಢಶಿಕ್ಷಣವನ್ನು ಉಚಿತವೆಂದು ಘೋಷಿಸಿ, ಮರುವರ್ಷದಿಂದ ಮಕ್ಕಳು ಶಾಲೆಗೆ ನುಗ್ಗಿ ಬಂದಾಗ ಇಂಥ ಪಾಠಗಳ ಅಗತ್ಯ ಇನ್ನೂ ಹೆಚ್ಚಿತು. ಆದರೂ 1975ರಲ್ಲಿ ಟೆಲೆಫೀಶ್ ಸ್ಕೊಲ ನಿಂತುಹೋಯಿತು. ಆಮೇಲೆ ಮಕ್ಕಳ ಟಿವಿ ಎಂದರೆ ಬೊಂಬೆಗಳ ‘ಬಾಸ್ಕೊ’, ‘ವಾಂಡರ್ಲಿ ವ್ಯಾಗನ್’ ಇಂಥವೇ. ಎರಡನ್ನೂ ನೋಡಿ ಬೆಳೆದ ಒಂದು ತಲೆಮಾರು ಇಂದಿಗೂ ಅವನ್ನು ಪ್ರೀತಿಯಿಂದ ನೆನೆಯುತ್ತದೆ.

ಐರ್ಲೆಂಡಿನ ಶಾಲಾ ಪ್ರಸಾರ ಮುಗಿದ ವರ್ಷವೇ ಕರ್ನಾಟಕದ ಹಳ್ಳಿಗಳಲ್ಲಿ ಟಿವಿ ಪಾಠ ಶುರುವಾಯಿತು ಎಂಬುದು ಇಲ್ಲಿ ನೆನೆಯತಕ್ಕ ಮಾತು. 1975ರ ಆಗಸ್ಟ್ ಒಂದರಿಂದ ಒಂದು ವರ್ಷ ಕಾಲ ನಡೆದ ‘ಸೈಟ್’ ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ಬಂದವು. ಕರ್ನಾಟಕದ ಪಾಲಿಗೆ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಕನ್ನಡದಲ್ಲಿ ಪಾಠ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯದ ವಿಷಯ. ಅಲ್ಲಿ ಟಿವಿ ಇದ್ದದ್ದು ಊರಿಗೆ ಒಂದೇ, ನೋಡುವವರು ಊರೆಲ್ಲ. 2020ರ ಜುಲೈನಲ್ಲಿ ಬೆಂಗಳೂರಿನ ಚಂದನ ವಾಹಿನಿ ‘ಸಂವೇದ’ ಎಂಬ ಹೆಸರಿನಲ್ಲಿ ಎಂಟರಿಂದ ಹತ್ತನೇ ತರಗತಿಯವರಿಗೆ ಪಾಠ ಬಿತ್ತರಿಸಿದಾಗ ಐರ್ಲೆಂಡಿನಂತೆ ಇಲ್ಲೂ ಮನೆಯೇ ತರಗತಿಯಾಗಿತ್ತು. ಒಂದು ವ್ಯತ್ಯಾಸ ಮಾತ್ರ ಎದ್ದು ಕಾಣುತ್ತದೆ. ಕರ್ನಾಟಕ ಪರೀಕ್ಷೆ ಹತ್ತಿರವಾದ ದೊಡ್ಡ ಮಕ್ಕಳಿಂದ ಆರಂಭಿಸಿತು, ಐರ್ಲೆಂಡು ಪ್ರಾಥಮಿಕ ಶಾಲೆಯ ಚಿಕ್ಕವರಿಂದ. ಸ್ವಂತವಾಗಿ ಪುಸ್ತಕ ಹಿಡಿದು ಕೂರಲಾರದ ವಯಸ್ಸಿನವರಿಗೇ ಟಿವಿ ಹೆಚ್ಚು ಬೇಕು ಎಂಬ ಲೆಕ್ಕ ಸರಿಯಾದದ್ದು.

ಟಿವಿಯಿಂದ ಮಕ್ಕಳು ನಿಜಕ್ಕೂ ಕಲಿಯುತ್ತಾರೆಯೇ? ಈ ಪ್ರಶ್ನೆಗೆ ಅರ್ಧ ಶತಮಾನದ ಉತ್ತರಗಳಿವೆ. 1969ರ ನವೆಂಬರ್ 10ರಂದು ಅಮೆರಿಕದಲ್ಲಿ ಆರಂಭವಾದ ‘ಸೆಸಮಿ ಸ್ಟ್ರೀಟ್’ ಪ್ರಸಾರಕ್ಕೆ ಮೊದಲೇ ಮಕ್ಕಳ ಮುಂದೆ ಪರೀಕ್ಷೆಗೆ ಒಳಗಾಗಿತ್ತು. ಟಿವಿಯ ಪಕ್ಕದಲ್ಲೇ ಇನ್ನೊಂದು ತೆರೆಯ ಮೇಲೆ ಬಣ್ಣದ ಸ್ಲೈಡುಗಳನ್ನು ಒಂದಾದ ಮೇಲೊಂದು ತೋರಿಸುತ್ತ ಮಗುವಿನ ಕಣ್ಣು ಯಾವಾಗ ಟಿವಿ ಬಿಟ್ಟು ಅತ್ತ ಹೊರಳುತ್ತದೆ ಎಂದು ಬರೆದುಕೊಳ್ಳುತ್ತಿದ್ದರು. ಕಣ್ಣು ಹೊರಳಿದ ಭಾಗ ಬದಲಾಗಬೇಕಿತ್ತು. ಈ ಪದ್ಧತಿ ರೂಪಿಸಿದವರು ಎಡ್ವರ್ಡ್ ಪಾಮರ್. ಮೆಲಿಸ್ಸಾ ಕಿಯರ್ನಿ, ಫಿಲಿಪ್ ಲೆವೀನ್ ಎಂಬ ಅರ್ಥಶಾಸ್ತ್ರಜ್ಞರು ಬಹಳ ವರ್ಷದ ಮೇಲೆ ಇನ್ನೊಂದು ದಾರಿ ಹಿಡಿದರು. ಆ ಕಾಲದಲ್ಲಿ ಕೆಲವು ಊರುಗಳಿಗೆ ಕಾರ್ಯಕ್ರಮ ಚೆನ್ನಾಗಿ ಸಿಗುತ್ತಿತ್ತು, ಕೆಲವಕ್ಕೆ ಆಂಟೆನಾ ತಿರುಗಿಸಿದರೂ ಸಿಗುತ್ತಿರಲಿಲ್ಲ. ಎರಡೂ ಬಗೆಯ ಊರುಗಳ ಮಕ್ಕಳನ್ನು ಹೋಲಿಸಿದಾಗ, ಸಿಗುವ ಊರಿನಲ್ಲಿ ಬೆಳೆದವರು ವಯಸ್ಸಿಗೆ ತಕ್ಕ ತರಗತಿಯಲ್ಲಿ ಇರುವ ಸಾಧ್ಯತೆ ಹೆಚ್ಚೆಂದು ಕಂಡಿತು.

ಎಲ್ಲ ವಯಸ್ಸಿಗೂ ಈ ಮಾತು ಹೊಂದುವುದಿಲ್ಲ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗ ಈ ವಿಷಯದಲ್ಲಿ ಎಲ್ಲಕ್ಕಿಂತ ಬೆಳಕು ಚೆಲ್ಲುವಂಥದು. ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳಿಗೆ ಚೀನೀ ಭಾಷೆ ಕೇಳಿಸಿದರು. ಕೆಲವು ಕೂಸುಗಳ ಎದುರು ಚೀನೀ ಮಾತಾಡುವವರು ನೆಲದ ಮೇಲೆ ಕೂತು ಆಟಿಕೆ ಹಿಡಿದು ಮಾತಾಡಿದರು. ಉಳಿದವಕ್ಕೆ ಅಂಥದೇ ಮಾತು ವಿಡಿಯೊದಲ್ಲಿ, ಇಲ್ಲವೇ ಬರೀ ಧ್ವನಿಮುದ್ರಣದಲ್ಲಿ. ಎದುರು ಕೂತು ಮಾತಾಡಿದಾಗ ಕೂಸುಗಳು ಆ ಭಾಷೆಯ ಸೂಕ್ಷ್ಮ ಧ್ವನಿಭೇದಗಳನ್ನು ಗುರುತಿಸಲು ಕಲಿತವು. ವಿಡಿಯೊ ನೋಡಿದವು ಕಲಿಯಲಿಲ್ಲ. ಮಾತಾಡುವವರ ಕಣ್ಣು ತನ್ನ ಕಡೆ ತಿರುಗಬೇಕು, ತಾನು ಕೇಕೆ ಹಾಕಿದರೆ ಉತ್ತರ ಬರಬೇಕು, ಆಗ ಕೂಸು ಕಲಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಸಲಹೆಯೂ ಇದಕ್ಕೆ ಹೊಂದುತ್ತದೆ: ಎರಡು ವರ್ಷ ತುಂಬದ ಮಕ್ಕಳನ್ನು ಪರದೆಯ ಮುಂದೆ ಕೂರಿಸುವುದು ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ, ಕಡಿಮೆಯಾದಷ್ಟೂ ಒಳ್ಳೆಯದು.

ಮೂರು ದಾಟಿದ ಮಗುವಿಗೆ ಒಂದೇ ಕಂತನ್ನು ಮತ್ತೆ ಮತ್ತೆ ನೋಡುವ ಹಟ ಇರುತ್ತದೆ. ದೊಡ್ಡವರಿಗೆ ಬೇಸರ ತರಿಸುವ ಈ ಹಟ ಕಲಿಕೆಗೆ ಅನುಕೂಲವೇ. 1996ರಲ್ಲಿ ಬಂದ ‘ಬ್ಲೂಸ್ ಕ್ಲೂಸ್’ ಎಂಬ ಕಾರ್ಯಕ್ರಮದವರು ಒಂದು ಕಂತನ್ನು ಸೋಮವಾರದಿಂದ ಶುಕ್ರವಾರದವರೆಗೆ ಐದು ದಿನವೂ ಪ್ರಸಾರ ಮಾಡುತ್ತಿದ್ದರು. ಮೊದಲ ದಿನ ಸುಮ್ಮನೆ ನೋಡಿದ ಮಕ್ಕಳು ವಾರದ ಕೊನೆಗೆ ಪರದೆಯವನು ಕೇಳುವ ಮೊದಲೇ ಕೂಗಿ ಉತ್ತರ ಹೇಳುವಷ್ಟಾಗಿದ್ದರು. ಕೇಳಿದ ಮೇಲೆ ಒಂದೆರಡು ಕ್ಷಣ ಸುಮ್ಮನೆ ನಿಂತು ಕಾಯುವುದು ಆ ಕಾರ್ಯಕ್ರಮದ ರೀತಿ. ‘ಹೋಮ್ ಸ್ಕೂಲ್ ಹಬ್’ನ ಮೇಷ್ಟರೂ ಕ್ಯಾಮೆರಾ ನೋಡಿ ಪ್ರಶ್ನೆ ಕೇಳಿ ಕಾಯುತ್ತಿದ್ದರು. ಆ ಮೌನದಲ್ಲಿ ಮಗು ಯೋಚಿಸುತ್ತದೆ.

ಅದಕ್ಕೂ ಮುಖ್ಯವಾದದ್ದು ಪಕ್ಕದಲ್ಲಿ ಕೂತವರ ಪಾತ್ರ. ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡಬಹುದು. ‘ಪಫಿನ್ ರಾಕ್’ 2015ರಿಂದ ಬಂದ ಐರಿಷ್ ಕಾರ್ಟೂನು. ಕಿಲ್ಕೆನ್ನಿಯ ಕಾರ್ಟೂನ್ ಸಲೂನ್, ಡೆರಿಯ ಡಾಗ್ ಇಯರ್ಸ್ ಸೇರಿ ಮಾಡಿದ್ದು, ಕಥೆ ಹೇಳುವ ದನಿ ನಟ ಕ್ರಿಸ್ ಓಡೌಡ್ ಅವರದು. ಐರ್ಲೆಂಡಿನ ಕರಾವಳಿಯಾಚೆಯ ಒಂದು ನಡುಗಡ್ಡೆಯಲ್ಲಿ ಊನಾ ಎಂಬ ಪುಟ್ಟ ಪಫಿನ್ ಹಕ್ಕಿ, ಅವಳ ತಮ್ಮ ಬಾಬಾ, ಮೇ ಎಂಬ ಮೊಲ ಇವರ ದಿನನಿತ್ಯದ ಕಥೆ. ಒಂದೊಂದು ಕಥೆಯೂ ಏಳು ನಿಮಿಷದ ಆಸುಪಾಸು. ಖಳನಾಯಕರಿಲ್ಲ, ಅಬ್ಬರವಿಲ್ಲ. ಹಕ್ಕಿಗಳು ಬಿಲದಲ್ಲಿ ವಾಸಿಸುವುದು, ಮೀನು ಹಿಡಿಯುವುದು, ಗಲ್ ಹಕ್ಕಿಗಳು ಬಂದು ಕಸಿಯುವುದು ಎಲ್ಲವೂ ಕಥೆಯೊಳಗೇ ಬರುತ್ತವೆ.

ಈ ಏಳು ನಿಮಿಷವನ್ನು ಅರ್ಧ ಗಂಟೆಯ ಪಾಠವಾಗಿಸಲು ಹೆಚ್ಚಿನದೇನೂ ಬೇಡ. ಒಮ್ಮೆ ತಡೆಯಿಲ್ಲದೆ ನೋಡಲು ಬಿಡಬೇಕು. ಎರಡನೆಯ ಸಲ ಹಕ್ಕಿ ಬಿಲದೊಳಗೆ ಹೋಗುವ ಕಡೆ ರಿಮೋಟ್ ಒತ್ತಿ ನಿಲ್ಲಿಸಿ, ‘ಹಕ್ಕಿ ಅಂದ್ರೆ ಮರದ ಮೇಲೆ ಗೂಡು ಕಟ್ಟತ್ತೆ ಅಲ್ವಾ ಪುಟ್ಟಾ, ಇದ್ಯಾಕೆ ನೆಲದೊಳಗೆ ಹೋಯ್ತು?’ ಎಂದು ಕೇಳಬಹುದು. ಉತ್ತರದ ಸುಳಿವು ಚಿತ್ರದಲ್ಲೇ ಇದೆ. ಮಗು ಅದನ್ನು ತಾನೇ ಕಂಡುಕೊಳ್ಳಲು ಸ್ವಲ್ಪ ಹೊತ್ತು ಕೊಟ್ಟರೆ ಸಾಕು. ಉತ್ತರ ತಪ್ಪಾದರೆ ಮುಂದೆ ನೋಡಿ ತಿಳಿಯೋಣ ಎಂದರಾಯಿತು. ಆಮೇಲೆ ಟಿವಿ ಆರಿಸಿ ಕೆಂಪು, ಕಿತ್ತಳೆ ಬಣ್ಣ ತೆಗೆದು ಕೊಕ್ಕು ಬರೆಯಬಹುದು. ಪಫಿನ್‌ಗಳು ಸಾಲಾಗಿ ಹಲವು ಮೀನುಗಳನ್ನು ಅಡ್ಡಡ್ಡ ಕಚ್ಚಿ ತರುವುದರಿಂದ ಎಣಿಕೆಯ ಪಾಠವೂ ಅಲ್ಲೇ ಸಿಗುತ್ತದೆ. ಏಪ್ರಿಲಿನಿಂದ ಜುಲೈವರೆಗಾದರೆ ಕ್ಲೇರ್ ಕೌಂಟಿಯ ಮೋಹರ್ ಕಡಿಬಂಡೆಗಳಲ್ಲಿ, ವೆಕ್ಸ್‌ಫರ್ಡಿನ ಸಾಲ್ಟಿ ದ್ವೀಪಗಳಲ್ಲಿ, ಕೆರಿಯ ಸ್ಕೆಲಿಗ್ ಮೈಕಲ್‌ನಲ್ಲಿ ನಿಜವಾದ ಪಫಿನ್‌ಗಳಿರುತ್ತವೆ. ಒಂದು ಜೋಡಿ ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ, ಬೇಸಿಗೆ ಮುಗಿಯುತ್ತಲೇ ಹಕ್ಕಿಗಳೆಲ್ಲ ನಡುಗಡಲಿಗೆ ಹೊರಟುಹೋಗುತ್ತವೆ. ಪರದೆಯ ಊನಾಳನ್ನು ಬಂಡೆಯ ಮೇಲಿನ ಹಕ್ಕಿಯೊಂದಿಗೆ ಹೋಲಿಸಿ ನೋಡುವ ಮಗು ಕಲಿಯುವುದನ್ನು ಯಾವ ಕಾರ್ಯಕ್ರಮವೂ ಒಂಟಿಯಾಗಿ ಕಲಿಸಲಾರದು.

ದೊಡ್ಡ ಮಕ್ಕಳಿಗೆ ಬೇರೆ ರೀತಿ. ಆರ್‌ಟಿಇ 2003ರಿಂದ ನಡೆಸುತ್ತ ಬಂದಿರುವ ‘ನ್ಯೂಸ್‌ಟುಡೇ’ ಮಕ್ಕಳಿಗೆಂದೇ ಮಾಡುವ ವಾರ್ತೆ. ಭೂಪಟ ಅಥವಾ ಗ್ಲೋಬನ್ನು ಟಿವಿಯ ಪಕ್ಕ ಇಟ್ಟು, ವಾರ್ತೆಯಲ್ಲಿ ಬಂದ ಊರನ್ನು ಹುಡುಕುವುದು ಹತ್ತು ವರ್ಷದವರಿಗೆ ಒಳ್ಳೆಯ ಅಭ್ಯಾಸ.

ಐರ್ಲೆಂಡಿನಲ್ಲಿ ಟಿವಿ ಪಾಠದ ಬೆಲೆ ಎಲ್ಲಕ್ಕಿಂತ ಹೆಚ್ಚಾಗಿ ತಿಳಿಯುವುದು ಐರಿಷ್ ಭಾಷೆಯ ವಿಷಯದಲ್ಲಿ, ಅದರಲ್ಲೂ ಹೊರದೇಶದಿಂದ ಬಂದ ಮನೆಗಳಲ್ಲಿ. 2022ರ ಜನಗಣತಿಯಂತೆ ಆ ದೇಶದಲ್ಲಿ 45,449 ಭಾರತೀಯ ಪ್ರಜೆಗಳಿದ್ದರು. ಆಸ್ಪತ್ರೆಗಳಲ್ಲಿ, ಡಬ್ಲಿನ್ನಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿಯುವ ಕನ್ನಡಿಗರೂ ಅವರಲ್ಲಿ ಸೇರಿದ್ದಾರೆ. ಅವರ ಮಕ್ಕಳು ನಾಲ್ಕೈದು ವರ್ಷಕ್ಕೆ ‘ಜೂನಿಯರ್ ಇನ್‌ಫಂಟ್ಸ್’ ಸೇರಿದ ಮೊದಲ ವಾರದಿಂದಲೇ ಐರಿಷ್ ಕಲಿಯುತ್ತಾರೆ. ಶೌಚಾಲಯಕ್ಕೆ ಹೋಗಲು ಅಪ್ಪಣೆ ಕೇಳುವ ಐರಿಷ್ ವಾಕ್ಯ ದೇಶದ ಪ್ರತಿ ಶಾಲಾ ಮಗುವಿಗೂ ಬಾಯಿಪಾಠ. 2019ರ ನಿಯಮದ ಪ್ರಕಾರ ಹೊರದೇಶದಲ್ಲಿ ಓದಿ ಹನ್ನೆರಡು ವರ್ಷ ತುಂಬಿದ ಮೇಲೆ ಬಂದವರಿಗೆ ವಿನಾಯಿತಿ ಸಿಗಬಹುದು. ಅದಕ್ಕಿಂತ ಚಿಕ್ಕವರು ಸಾಮಾನ್ಯವಾಗಿ ಕಲಿಯಲೇಬೇಕು. ಲೆಕ್ಕ, ಇಂಗ್ಲಿಷ್ ಆದರೆ ಅಪ್ಪ ಅಮ್ಮ ಹೇಳಿಕೊಡುತ್ತಾರೆ. ಐರಿಷ್ ಹೋಮ್‌ವರ್ಕ್ ಬಂದಾಗ ಅವರಿಗೆ ಅದನ್ನು ಓದಲೂ ಬರುವುದಿಲ್ಲ, ಏಕೆಂದರೆ ಬರೆದ ಅಕ್ಷರಕ್ಕೂ ಉಚ್ಚಾರಕ್ಕೂ ನಡುವಿನ ನಿಯಮ ಇಂಗ್ಲಿಷಿನದಲ್ಲ.

ಅಕ್ಕಪಕ್ಕದವರನ್ನು ಕೇಳಿದರೂ ಎಲ್ಲ ಕಡೆ ನೆರವು ಸಿಗದು. ಐರಿಷ್ ಬರುತ್ತದೆ ಎಂದು ಅದೇ ಜನಗಣತಿಯಲ್ಲಿ ಹೇಳಿಕೊಂಡವರು ಹದಿನೆಂಟು ಲಕ್ಷಕ್ಕೂ ಹೆಚ್ಚು. ಆದರೆ ಶಾಲೆಯ ಹೊರಗೆ ದಿನವೂ ಆಡುವವರು 71,968 ಜನ ಮಾತ್ರ. ಸುತ್ತ ಆಡುವವರಿಲ್ಲದ ಭಾಷೆ ಕಿವಿಗೆ ಬೀಳಬೇಕಾದರೆ ಟಿವಿ, ರೇಡಿಯೊ ಬಿಟ್ಟು ಬೇರೆ ದಾರಿ ಕಡಿಮೆ. 1996ರ ಅಕ್ಟೋಬರ್ 31ರಂದು ಆರಂಭವಾದ ಐರಿಷ್ ವಾಹಿನಿ, ಇಂದಿನ ಟಿಜಿ4, ಈ ಕೊರತೆ ತುಂಬಲೆಂದೇ ಹುಟ್ಟಿದ್ದು. ಅದರ ಮಕ್ಕಳ ವಿಭಾಗ ‘ಕೂಲಾ4’. 2020ರಲ್ಲಿ ಶಾಲೆ ಮುಚ್ಚಿದಾಗ ‘ಕೂಲಾ4 ಆರ್ ಸ್ಕಾಲ್’ ಎಂಬ ಐರಿಷ್ ಮಾಧ್ಯಮದ ಟಿವಿ ತರಗತಿಯನ್ನು ಅದು ನಡೆಸಿತು. ಮನೆಯಲ್ಲಿ ಐರಿಷ್ ಆಡದೆ ಐರಿಷ್ ಮಾಧ್ಯಮದ ಶಾಲೆಗೆ ಹೋಗುವ ಮಕ್ಕಳಿಗೆ ತಿಂಗಳುಗಟ್ಟಲೆ ಭಾಷೆ ಕಿವಿಗೆ ಬೀಳದೆ ಹೋಗುವುದನ್ನು ಆ ತರಗತಿ ತಡೆಯಿತು. 2023ರಲ್ಲಿ ಕೂಲಾ4 ಪ್ರತ್ಯೇಕ ವಾಹಿನಿಯೇ ಆಯಿತು.

ಇಂಥ ವಾಹಿನಿ ನೋಡುವಾಗ ತಂದೆತಾಯಿಗೆ ಭಾಷೆ ಗೊತ್ತಿಲ್ಲದಿರುವುದು ಅಡ್ಡಿಯಾಗಬೇಕಿಲ್ಲ. ಪಕ್ಕದಲ್ಲಿ ಕೂತ ದೊಡ್ಡವರು ಕಲಿಯುವವರಾದಾಗ ಮಗು ಕಲಿಸುವವರ ಜಾಗಕ್ಕೆ ಏರುತ್ತದೆ, ‘ಅಮ್ಮಾ, ಅದು ಹಾಗಲ್ಲ, ಹೀಗೆ’ ಎಂದು ತಿದ್ದುತ್ತದೆ. ಹೇಳಿಕೊಟ್ಟಷ್ಟೂ ಮಗುವಿಗೆ ಪಾಠ ಗಟ್ಟಿಯಾಗುತ್ತದೆ. ಆರಂಭಕ್ಕೆ ಟಿಜಿ4ರ ಹವಾಮಾನ ವರದಿ ತುಂಬ ಅನುಕೂಲ. ಎರಡು ಮೂರು ನಿಮಿಷದ್ದು, ದಿನವೂ ಅದೇ ಪದಗಳು, ಪಕ್ಕದಲ್ಲೇ ಚಿತ್ರ. ಮಳೆಯ ಗುರುತು, ಗಾಳಿಯ ಬಾಣ, ಡಿಗ್ರಿಯ ಅಂಕಿ ಕಾಣುತ್ತಿದ್ದಂತೆ ಮಾತಿನ ಅರ್ಥ ತಾನೇ ಹೊಳೆಯುತ್ತದೆ. ಐರ್ಲೆಂಡಿನ ಮಳೆ ದಿನವೂ ಪಾಠಕ್ಕೆ ಒದಗಿಬರುತ್ತದೆ.

ಒಂದು ತೊಡಕನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಐರಿಷ್‌ನಲ್ಲಿ ಮನ್‌ಸ್ಟರ್, ಕಾನಕ್ಟ್, ಅಲ್‌ಸ್ಟರ್ ಎಂಬ ಮೂರು ದೊಡ್ಡ ಆಡುಮಾತುಗಳಿವೆ. ‘ಹೇಗಿದ್ದೀಯ’ ಎಂದು ಕೇಳಲು ದಕ್ಷಿಣದವರು ‘ಕೊನಸ್ ತಾ ತೂ’ ಎಂದರೆ, ಗಾಲ್ವೇ ಕಡೆ ‘ಕೇ ಖೀ ವಿಲ್ ತೂ’, ಉತ್ತರದ ಡಾನಿಗಾಲ್ ಕಡೆ ‘ಜೇ ಮಾರ್ ತಾ ತೂ’ ಎನ್ನುವುದುಂಟು. ಶಾಲೆಯಲ್ಲಿ ಒಂದು, ಟಿವಿಯಲ್ಲಿ ಇನ್ನೊಂದು ಕೇಳಿದ ಮಗು ಗಾಬರಿಯಾಗುತ್ತದೆ. ಧಾರವಾಡದ ‘ಹ್ಯಾಂಗದೀರಿ’, ಮೈಸೂರಿನ ‘ಹೇಗಿದೀರಾ’ ಎರಡನ್ನೂ ಕೇಳಿ ಬೆಳೆದ ಕನ್ನಡದ ಅಪ್ಪ ಅಮ್ಮ ಇದನ್ನು ಬೇರೆ ಯಾರಿಗಿಂತ ಚೆನ್ನಾಗಿ ಬಿಡಿಸಿ ಹೇಳಬಲ್ಲರು.

ಈ ಮನೆಗಳಲ್ಲಿ ಟಿವಿಗೆ ಇನ್ನೊಂದು ಕೆಲಸವೂ ಇದೆ, ಕನ್ನಡ ಕಲಿಸುವುದು. ಸನ್ ಬಳಗದ ಚಿಂಟು ಟಿವಿ 2009ರಲ್ಲಿ ಬಂದ ಮೇಲೆ ಕನ್ನಡ ಮಾತಿನ ಕಾರ್ಟೂನುಗಳು ಸಿಗತೊಡಗಿದವು. ಸ್ವಲ್ಪ ದೊಡ್ಡವರಿಗೆ ಡಾ. ನಾ. ಸೋಮೇಶ್ವರ ಅವರು ಚಂದನದಲ್ಲಿ ನಡೆಸಿಕೊಡುವ ‘ಥಟ್ ಅಂತ ಹೇಳಿ’ ಇದೆ. ಗೆದ್ದವರಿಗೆ ಪುಸ್ತಕವನ್ನೇ ಬಹುಮಾನವಾಗಿ ಕೊಡುವ ಈ ಕ್ವಿಜ್‌ನಲ್ಲಿ ಪ್ರಶ್ನೆ, ಆಯ್ಕೆಗಳು ಕನ್ನಡ ಅಕ್ಷರದಲ್ಲಿ ಪರದೆಯ ಮೇಲೆ ಮೂಡುತ್ತವೆ. ಕಿವಿಗೆ ಬಿದ್ದ ಮಾತನ್ನೇ ಕಣ್ಣಿಗೂ ಕಾಣಿಸುವುದರಿಂದ, ಮಾತು ಬಂದು ಓದು ಬಾರದ ಮಕ್ಕಳಿಗೆ ಇದು ಅಕ್ಷರಾಭ್ಯಾಸವೇ ಆದೀತು. ಆದರೆ ತೊಟ್ಟಿಲ ಕೂಸಿಗೆ ಯೂಟ್ಯೂಬಿನ ಕನ್ನಡ ಶಿಶುಗೀತೆ ಹಾಕಿಟ್ಟು ಭಾಷೆ ಬರುತ್ತದೆಂದು ನಂಬಿ ಕೂರಬಾರದು, ಪೆಟ್ರೀಷಿಯಾ ಕೂಲ್ ಅವರ ಪ್ರಯೋಗ ಹೇಳುವುದು ಅದನ್ನೇ. ಅದೇ ಪರದೆಯಲ್ಲಿ ಹಾಸನದಿಂದಲೋ ಹುಬ್ಬಳ್ಳಿಯಿಂದಲೋ ಅಜ್ಜಿ ವಿಡಿಯೊ ಕಾಲ್‌ನಲ್ಲಿ ಬಂದರೆ ಮಾತು ಬೇರೆ. ಅಜ್ಜಿ ಕೂಸನ್ನು ನೋಡಿ ನಗುತ್ತಾರೆ, ಅದರ ತೊದಲಿಗೆ ಉತ್ತರ ಕೊಡುತ್ತಾರೆ. ಅಮೆರಿಕದ ಮಕ್ಕಳ ವೈದ್ಯರ ಸಂಘ ಒಂದೂವರೆ ವರ್ಷದೊಳಗಿನವರಿಗೆ ಪರದೆ ಬೇಡ ಎಂದು 2016ರಲ್ಲಿ ಹೇಳಿದಾಗಲೂ ವಿಡಿಯೊ ಕಾಲ್ ಒಂದಕ್ಕೆ ರಿಯಾಯಿತಿ ಕೊಟ್ಟಿತ್ತು.

ಕಾರ್ಯಕ್ರಮದ ವೇಗವನ್ನೂ ನೋಡಿ ಆರಿಸಬೇಕು. ಟಿಜಿ4 ‘ಸ್ಪಾಂಜ್‌ಬಾಬ್’ನಂಥ ಜನಪ್ರಿಯ ಕಾರ್ಟೂನನ್ನು ಐರಿಷ್‌ಗೆ ಡಬ್ ಮಾಡಿ ತೋರಿಸಿದೆ, ಮಕ್ಕಳು ಖುಷಿಯಿಂದ ನೋಡುತ್ತಾರೆ. ಆದರೆ ಅದೇ ಕಾರ್ಟೂನನ್ನು ನಾಲ್ಕು ವರ್ಷದ ಮಕ್ಕಳಿಗೆ ಒಂಬತ್ತು ನಿಮಿಷ ತೋರಿಸಿದ ಕೂಡಲೇ ಅವರ ಗಮನ, ತಾಳ್ಮೆಗಳನ್ನು ಅಳೆದ ಅಮೆರಿಕದ ಪ್ರಯೋಗವೊಂದು 2011ರಲ್ಲಿ ಪ್ರಕಟವಾಯಿತು. ಅಷ್ಟೇ ಹೊತ್ತು ಚಿತ್ರ ಬರೆಯುತ್ತಿದ್ದವರಿಗಿಂತ, ನಿಧಾನದ ಕಾರ್ಯಕ್ರಮ ನೋಡಿದವರಿಗಿಂತ ಇವರು ಹಿಂದೆ ಬಿದ್ದರು. ಅರವತ್ತು ಮಕ್ಕಳ ಸಣ್ಣ ಪ್ರಯೋಗವಿದು, ಅಳೆದದ್ದು ಆ ಹೊತ್ತಿನ ಪರಿಣಾಮವನ್ನಷ್ಟೇ. ಹಾಗಾಗಿ ಎಂಟು ವರ್ಷದವಳು ಐರಿಷ್ ಸ್ಪಾಂಜ್‌ಬಾಬ್ ನೋಡಿ ಭಾಷೆ ಕಲಿಯುವುದರಲ್ಲಿ ತೊಂದರೆ ಕಾಣದು. ನಾಲ್ಕು ವರ್ಷದ ತಮ್ಮನನ್ನು ಅದಾದ ತಕ್ಷಣ ಅಕ್ಷರ ತಿದ್ದಲು ಕೂರಿಸುವುದು ಮಾತ್ರ ಬೇಡ.

ಜಾಹೀರಾತಿಲ್ಲದೆ ಪ್ರಸಾರವಾಗುವ ‘ಆರ್‌ಟಿಇ ಜೂನಿಯರ್’ 2011ರಲ್ಲಿ ವಾಹಿನಿಯಾಗಿ ಬಂದಾಗ ಅನೇಕ ತಂದೆತಾಯಿಗಳು ಮೆಚ್ಚಿದ್ದು ಆ ನೆಮ್ಮದಿಗಾಗಿ. ಹಳೆಯ ಮಾದರಿಯ ಪ್ರಸಾರಕ್ಕೆ ಇನ್ನೊಂದು ಗುಣವೂ ಇದೆ: ಕಾರ್ಯಕ್ರಮ ಮುಗಿಯುತ್ತದೆ. ಯೂಟ್ಯೂಬಿನಲ್ಲಿ ಒಂದು ಮುಗಿಯುತ್ತಲೇ ಇನ್ನೊಂದು ತಾನಾಗಿ ಶುರುವಾಗುತ್ತದೆ, ಪಾಠಕ್ಕೆಂದು ಹಾಕಿದ್ದು ಎಲ್ಲಿಗೋ ಹೋಗಿ ನಿಲ್ಲುತ್ತದೆ. ಡಿಸೆಂಬರಿನ ಐರ್ಲೆಂಡಿನಲ್ಲಿ ಸಂಜೆ ನಾಲ್ಕೂಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ, ಶಾಲೆ ಬಿಟ್ಟು ಬಂದ ಮಕ್ಕಳಿಗೆ ಹೊರಗೆ ಆಡಲು ಬೆಳಕು ಸಿಗುವುದು ಸ್ವಲ್ಪ ಹೊತ್ತು ಮಾತ್ರ. ಅಂಥ ತಿಂಗಳುಗಳಲ್ಲಿ ಆಟೊಪ್ಲೇ ಆಫ್ ಮಾಡಿ, ಯಾವ ಕಂತು ಎಂದು ಮೊದಲೇ ಗೊತ್ತುಮಾಡಿಕೊಂಡು ಟಿವಿ ಹಾಕಿದರೆ ಜಗಳ ಕಡಿಮೆ.

ಶಾಲೆಗೇ ಕಳಿಸದೆ ಮನೆಯಲ್ಲಿ ಕಲಿಸುವ ಕುಟುಂಬಗಳೂ ಐರ್ಲೆಂಡಿನಲ್ಲಿವೆ. 1937ರ ಸಂವಿಧಾನದ 42ನೇ ವಿಧಿ ಮಗುವಿನ ಮೊದಲ, ಸಹಜ ಶಿಕ್ಷಕರು ಕುಟುಂಬದವರೇ ಎಂದು ಒಪ್ಪಿ, ಮನೆಯಲ್ಲಿ ಕಲಿಸುವ ಸ್ವಾತಂತ್ರ್ಯ ಕೊಟ್ಟಿದೆ. ಜೊತೆಗೇ, ಪ್ರತಿ ಮಗುವಿಗೂ ಒಂದು ಕನಿಷ್ಠ ಮಟ್ಟದ ಶಿಕ್ಷಣ ಸಿಗಲೇಬೇಕೆಂದು ರಾಜ್ಯ ಒತ್ತಾಯಿಸಬಹುದು ಎಂದೂ ಹೇಳಿದೆ. 2000ದ ಶಿಕ್ಷಣ ಕಲ್ಯಾಣ ಕಾಯ್ದೆಯಂತೆ ಆರರಿಂದ ಹದಿನಾರು ವರ್ಷದ ಇಂಥ ಮಕ್ಕಳ ಹೆಸರನ್ನು ನೋಂದಾಯಿಸಬೇಕು. ಈಗ ಆ ಕೆಲಸ ನೋಡಿಕೊಳ್ಳುವುದು ‘ಟೂಸ್ಲಾ’ ಎಂಬ ಮಕ್ಕಳ ಮತ್ತು ಕುಟುಂಬ ಸಂಸ್ಥೆ. ಮೌಲ್ಯಮಾಪಕರು ತಂದೆತಾಯಿಯೊಡನೆ ಮಾತಾಡಿ, ಏನು ಕಲಿಸುತ್ತಾರೆ, ಯಾವ ಸಾಮಗ್ರಿ ಬಳಸುತ್ತಾರೆ, ಮಗು ಹೇಗೆ ಮುಂದುವರಿಯುತ್ತಿದೆ ಎಂದು ತಿಳಿದುಕೊಳ್ಳುತ್ತಾರೆ. ಟಿವಿಯನ್ನು ಪಾಠಕ್ಕೆ ಬಳಸುವ ಮನೆಯಲ್ಲಿ ಅದಕ್ಕೊಂದು ನೋಟ್‌ಬುಕ್ ಇರುವುದು ಲೇಸು: ತಾರೀಖು, ಕಾರ್ಯಕ್ರಮದ ಹೆಸರು, ಮಗು ಕೇಳಿದ ಪ್ರಶ್ನೆ, ಆಮೇಲೆ ಮಾಡಿದ ಕೆಲಸ. ಬರೆದ ಚಿತ್ರ, ಮಾಡಿದ ಲೆಕ್ಕ, ಹೊಸದಾಗಿ ಕಲಿತ ನಾಲ್ಕು ಪದ ಅದೇ ಪುಟಕ್ಕೆ ಅಂಟಿಸಿಟ್ಟರೆ ಏನು ನೋಡಿತು, ಏನು ಕಲಿಯಿತು ಎರಡೂ ಒಟ್ಟಿಗೆ ಸಿಗುತ್ತವೆ. ಕೊನೆಯ ಅಂಕಣ ಹಲವು ದಿನ ಖಾಲಿಯೇ ಉಳಿದಿದ್ದರೆ ಕಾರ್ಯಕ್ರಮ ಬದಲಿಸಬೇಕು, ಇಲ್ಲವೇ ಯಾರಾದರೂ ಪಕ್ಕದಲ್ಲಿ ಬಂದು ಕೂರಬೇಕು.